ಕೆಟ್ಟ ಸುದ್ದಿ ಎಷ್ಟು ಹೊತ್ತಿಗೆ ಬರುತ್ತದೆ?

ಬ್ಯಾಂಕಿನವರ ಬೀಳ್ಕೊಡುಗೆ ಸಮಾರಂಭಗಳಿಗೆ ಹೋದವರಿಗೆ ಗೊತ್ತು, ಅಲ್ಲಿ ಭಾಷಣಗಳು ಎರಡೇ ಬಗೆ. ವರ್ಗವಾಗಿ ಹೋಗುತ್ತಿರುವ ಮ್ಯಾನೇಜರ್ ಬಗ್ಗೆ ‘ಸಾಹೇಬರು ಸ್ವಲ್ಪ ಸ್ಟ್ರಿಕ್ಟು, ಆದರೆ ಮನಸ್ಸು ಬೆಣ್ಣೆ’ ಎನ್ನುವುದು ಒಂದು. ‘ನಮ್ಮನ್ನೆಲ್ಲ ಮನೆಯವರ ಹಾಗೆ ನೋಡಿಕೊಂಡರು’ ಎನ್ನುವುದು ಇನ್ನೊಂದು. ಶಾಲು, ಹಾರ, ಹಣ್ಣಿನ ಬುಟ್ಟಿ, ಗುಂಪು ಫೋಟೊ, ಆಮೇಲೆ ಊಟ. ಈ ಎರಡೂ ಮಾತುಗಳನ್ನು ನಾನು ಆಡಿದ್ದೇನೆ, ನನ್ನ ಬಗ್ಗೆ ಆಡಿದ್ದನ್ನು ಕೇಳಿ ತಲೆ ಬಾಗಿಸಿ ನಕ್ಕಿದ್ದೇನೆ. ಆದರೆ ಆ ಮನುಷ್ಯನ ಕೈಕೆಳಗೆ ದಿನಾ ಕೆಲಸ ಮಾಡುವುದು ಹೇಗಿತ್ತು ಎಂಬುದಕ್ಕೆ ಈ ಎರಡೂ ಉತ್ತರವೇ ಅಲ್ಲ ಎನ್ನುವುದು ನಿವೃತ್ತನಾದ ಮೇಲೂ ನನ್ನನ್ನು ಕೊರೆಯುತ್ತಿದೆ. ಬೆಣ್ಣೆ ಮನಸ್ಸಿನ ಮ್ಯಾನೇಜರ್ ಕೈಕೆಳಗೆ ಜನ ನಿದ್ದೆಗೆಟ್ಟದ್ದನ್ನು ಕಂಡಿದ್ದೇನೆ. ಯಾರೊಡನೆಯೂ ಎರಡು ಮಾತು ಹೆಚ್ಚಿಗೆ ಆಡದ, ನಗುವೆಂದರೆ ಖರ್ಚೆಂದು ತಿಳಿದ ಮನುಷ್ಯನ ಕೈಕೆಳಗೆ ಅದೇ ಜನ ನೆಮ್ಮದಿಯಾಗಿ ದುಡಿದದ್ದನ್ನೂ ಕಂಡಿದ್ದೇನೆ.

ಕಳೆದ ತಿಂಗಳು ಸ್ನೇಹಿತರೊಬ್ಬರ ಮಗಳು ಫೋನು ಮಾಡಿದ್ದಳು. ಅವಳೂ ಬ್ಯಾಂಕಿನವಳೇ, ಮೊದಲ ಸಲ ಒಂದು ಶಾಖೆಯ ಹೊಣೆ ಹೆಗಲಿಗೆ ಬಿದ್ದಿದೆ. ಸಾಲದ ಫೈಲು, ಆಡಿಟ್, ವಸೂಲಿ ಇವುಗಳ ಬಗ್ಗೆ ಅವಳಿಗೆ ಅಳುಕಿಲ್ಲ. ‘ಜನರನ್ನು ಹೇಗೆ ನಡೆಸಿಕೊಂಡು ಹೋಗುವುದು ಅಂಕಲ್, ಅದೊಂದನ್ನು ಹೇಳಿ’ ಎಂದಳು. ನಾಯಕತ್ವದ ತರಬೇತಿ ಆಗಿದೆಯಂತೆ. ಸ್ಲೈಡುಗಳಲ್ಲಿ ಸಿಂಹ, ಹಡಗು, ಹಗ್ಗ ಹಿಡಿದು ಬೆಟ್ಟ ಹತ್ತುವವರು ಎಲ್ಲ ಇದ್ದರಂತೆ. ನಾನು ಏನೋ ಹಾರಿಕೆಯ ಮಾತು ಹೇಳಿ ಫೋನು ಇಟ್ಟೆ. ಆಮೇಲೆ ಅದೇ ಪ್ರಶ್ನೆ ತಲೆಯಲ್ಲಿ ಸುತ್ತತೊಡಗಿತು. ಒಂದು ಶಾಖೆ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ನಾನು ನೋಡುತ್ತಿದ್ದದ್ದು ಒಂದೇ: ಅಲ್ಲಿ ಕೆಟ್ಟ ಸುದ್ದಿ ಮ್ಯಾನೇಜರ್ ಮೇಜಿಗೆ ಎಷ್ಟು ಹೊತ್ತಿಗೆ ಬರುತ್ತದೆ? ತಪ್ಪು ನಡೆದ ಹತ್ತು ನಿಮಿಷಕ್ಕೋ, ಆರು ತಿಂಗಳ ಮೇಲೆ ಆಡಿಟರ್ ಬಾಯಿಂದಲೋ? ಅವಳಿಗೆ ಕೊಡಬೇಕಾಗಿದ್ದ ಉತ್ತರ ಇದರ ಸುತ್ತಲೇ ಇದೆ. ಸ್ವಲ್ಪ ಉದ್ದವಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಐದು ಸಾವಿರದ ನಾನೂರು

ತಿಪಟೂರು ಸೀಮೆಯ ಒಂದು ಶಾಖೆ. ನಾನಾಗ ಕಿರಿಯ ಅಧಿಕಾರಿ. ಕಂಪ್ಯೂಟರಿಗೆ ಒಗ್ಗಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಕೊಬ್ಬರಿ ಹರಾಜಿನ ದಿನವೆಂದರೆ ಕೌಂಟರಿನ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಕ್ಯಾಶಿನಲ್ಲಿ ಇದ್ದವನು ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗ. ಸಂಜೆ ಲೆಕ್ಕ ಕೂಡಿಸುವಾಗ ಕ್ಯಾಶ್ 5,400 ರೂಪಾಯಿ ಕಡಿಮೆ ಬಂತು. ಇನ್ನೊಮ್ಮೆ ಎಣಿಸಿದ. ನೋಟಿನ ಕಟ್ಟುಗಳನ್ನು ಬಿಚ್ಚಿ ಮೆಷಿನ್ನಿಗೆ ಹಾಕಿದ. ಮತ್ತೆ ಅಷ್ಟೇ. ಅವನ ಬೆನ್ನಿನ ಮೇಲೆ ಅಂಗಿ ಅಂಟಿಕೊಂಡಿತ್ತು. ಕೊನೆಗೆ ಜೇಬಿನಿಂದ ಎಟಿಎಂ ಕಾರ್ಡ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ. ‘ಸರ್, ಐದು ಸಾವಿರದ ನಾನೂರು ಶಾರ್ಟ್. ನಾನೇ ಹಾಕಿಬಿಡುತ್ತೇನೆ.’

ನಮ್ಮ ಮ್ಯಾನೇಜರ್ ಕುಂದಾಪುರದ ಕಡೆಯವರು, ನಾನು ಮೇಲೆ ಹೇಳಿದ ನಗದ ಮನುಷ್ಯ ಅವರೇ. ಕನ್ನಡಕ ಮೇಲೇರಿಸಿ, ‘ಹಣ ಹಾಕುವುದು ಕೊನೆಯ ಕೆಲಸ. ಮೊದಲು ಒಂಬತ್ತರಿಂದ ಭಾಗಿಸು’ ಎಂದರು. ಹುಡುಗನಿಗೆ ಅರ್ಥವಾಗಲಿಲ್ಲ. ಅವರು ಎದ್ದು ಹೊರಗೆ ಬಂದರು. ಹುಡುಗನ ಕುರ್ಚಿಯಲ್ಲಿ ಕೂರಲಿಲ್ಲ, ಪಕ್ಕದಲ್ಲಿ ಒಂದು ಸ್ಟೂಲ್ ಎಳೆದುಕೊಂಡರು. ಕೆಲಸವಿಲ್ಲದೆ ನಿಂತು ನೋಡುತ್ತಿದ್ದ ನಮ್ಮತ್ತ ತಿರುಗಿ ‘ನಿಮ್ಮದು ಮುಗಿದಿದ್ದರೆ ಮನೆಗೆ ಹೋಗಿ’ ಎಂದರು. ನನ್ನೊಬ್ಬನನ್ನು ಉಳಿಸಿಕೊಂಡರು, ಟೀ ತರಿಸಿದರು. ಆಮೇಲೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 5,400 ಎಂದರೆ ಒಂಬೈನೂರರ ಆರು ಪಟ್ಟು. ಹಾಗಾಗಿ ಸಾವಿರದ ಸ್ಥಾನ, ನೂರರ ಸ್ಥಾನ ಇವೆರಡರ ಅಂಕಿಗಳ ನಡುವೆ ಆರರ ಅಂತರವಿರುವ ಪಾವತಿಯನ್ನು ಹುಡುಕಬೇಕು. ಎಲ್ಲ ವೋಚರುಗಳನ್ನೂ ತಡಕುವ ಅಗತ್ಯವಿಲ್ಲ, ಅಂಥವನ್ನಷ್ಟೇ ನೋಡಿದರೆ ಸಾಕು. ಟೀ ಆರುವ ಮೊದಲೇ ಸಿಕ್ಕಿತು. ಚೀಟಿಯಲ್ಲಿ 9,300, ಕಂಪ್ಯೂಟರಿನಲ್ಲಿ 3,900. ಹಣ ಸರಿಯಾಗಿ ಕೊಟ್ಟಿದ್ದಾನೆ, ಒತ್ತುವಾಗ ಅಂಕಿ ತಿರುವಿದೆ.

ಇದರಲ್ಲಿ ಗಣಿತ ಮಜವಾಗಿದೆ, ಬ್ಯಾಂಕಿನ ಹಳಬರಿಗೆಲ್ಲ ಗೊತ್ತಿರುವ ಉಪಾಯ ಅದು. ನನಗೆ ನೆನಪಿರುವುದು ಮಾತ್ರ ಅವರು ಏನೇನು ಮಾಡಲಿಲ್ಲ ಎಂಬುದು. ‘ಹೇಗಾಯಿತು’ ಎಂದು ಕೇಳಲಿಲ್ಲ. ಹೇಗಾಯಿತೆಂದು ಗೊತ್ತಿದ್ದರೆ ಅವನು ಹಾಗೆ ಬೆವರುತ್ತಲೇ ಇರಲಿಲ್ಲ. ಗಮನ ಎಲ್ಲಿತ್ತು, ಮೊಬೈಲ್ ಯಾಕೆ ಕೌಂಟರಿನಲ್ಲಿ ಇತ್ತು ಎಂಬ ಉಪಕಥೆಗಳನ್ನು ತೆಗೆಯಲಿಲ್ಲ. ಸಿಕ್ಕಿದ ಮೇಲೆ ‘ನೋಡಿದೆಯಾ’ ಎಂದು ಬೀಗಲೂ ಇಲ್ಲ. ‘ನಾಳೆ ಪಾರ್ಟಿಗೆ ಫೋನು ಮಾಡಿ ತಿಳಿಸು, ಆಮೇಲೆ ಎಂಟ್ರಿ ಸರಿಮಾಡೋಣ’ ಎಂದು ಹೇಳಿ, ಸ್ಟ್ರಾಂಗ್ ರೂಮಿನ ಬೀಗದ ಕೈ ತೆಗೆದುಕೊಂಡು ಹೊರಟರು.

ಕೆಲವು ವಾರಗಳ ಮೇಲೆ ಅದೇ ಹುಡುಗ ಚಿನ್ನದ ಸಾಲದ ಎರಡು ಪೊಟ್ಟಣಗಳಿಗೆ ಚೀಟಿ ಅದಲುಬದಲು ಕಟ್ಟಿದ. ಇದು ಕ್ಯಾಶ್ ಶಾರ್ಟಿಗಿಂತ ಭಯಂಕರ. ಒಬ್ಬರ ಮಾಂಗಲ್ಯದ ಸರ ಇನ್ನೊಬ್ಬರ ಹೆಸರಿನಲ್ಲಿ ತಿಜೋರಿಗೆ ಹೋಗಿ ಕೂತರೆ ಬಿಡಿಸಿಕೊಳ್ಳುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದ ದಿನ ಊರೇ ಬ್ಯಾಂಕಿನ ಮುಂದೆ ಇರುತ್ತದೆ. ಅನುಮಾನ ಬಂದ ಕೂಡಲೇ ಅವನು ನೇರವಾಗಿ ಕ್ಯಾಬಿನ್ನಿಗೆ ಹೋಗಿ ಹೇಳಿದ. ಪೊಟ್ಟಣ ಇನ್ನೂ ತಿಜೋರಿ ಸೇರಿರಲಿಲ್ಲ, ಇಬ್ಬರು ಗ್ರಾಹಕರೂ ಬಸ್ ನಿಲ್ದಾಣ ದಾಟಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ ಆ ಸಂಜೆಯ ಬಡ್ಡಿ ಹೀಗೆ ಬಂತು ಎಂದು ನಾನು ಎಣಿಸಿಕೊಂಡಿದ್ದೇನೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಶಾಖೆಯನ್ನೂ ನೋಡಿದ್ದೇನೆ. ಎಲ್ಲಿ ಎಂದು ಬೇಡ. ಅಲ್ಲಿ ಕ್ಯಾಶ್ ಕಡಿಮೆಯಾದರೆ ಮ್ಯಾನೇಜರ್ ಹಾಲಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಮಾತನಾಡುತ್ತಿದ್ದರು. ಎರಡೇ ಬಾರಿ ಹಾಗಾಯಿತು, ಆಮೇಲೆ ಆ ಶಾಖೆಯಲ್ಲಿ ಕ್ಯಾಶ್ ಕಡಿಮೆಯಾಗುವುದೇ ನಿಂತುಹೋಯಿತು. ಸಾಹೇಬರು ಅದನ್ನು ತಮ್ಮ ಶಿಸ್ತಿನ ಫಲವೆಂದು ತಿಳಿದಿದ್ದರು. ನಡೆದದ್ದು ಬೇರೆ. ಹೆಚ್ಚು ಬಂದ ದಿನ ಆ ಹಣವನ್ನು ನಿಯಮದ ಪ್ರಕಾರ ಲೆಕ್ಕಕ್ಕೆ ಹಾಕದೆ ಡ್ರಾಯರಿನ ಒಂದು ಡಬ್ಬಿಯಲ್ಲಿ ಇಟ್ಟು, ಕಡಿಮೆ ಬಂದ ದಿನ ಅದರಿಂದ ತುಂಬುತ್ತಿದ್ದರು. ಕ್ಯಾಶಿಯರ್ ಪ್ರಾಮಾಣಿಕ, ಒಂದು ಪೈಸೆ ಮನೆಗೆ ಒಯ್ದವನಲ್ಲ. ಆದರೆ ದಿಢೀರ್ ತಪಾಸಣೆಗೆ ಬಂದವರಿಗೆ ಬೇಕಾದದ್ದು ಪ್ರಾಮಾಣಿಕತೆಯ ಕಥೆಯಲ್ಲ. ಲೆಕ್ಕಕ್ಕಿಂತ ಹೆಚ್ಚಿಗೆ ಇರುವ ಕ್ಯಾಶ್ ಕಡಿಮೆ ಇರುವ ಕ್ಯಾಶಿನಷ್ಟೇ ದೊಡ್ಡ ಅಪರಾಧ. ಚಾರ್ಜ್‌ಶೀಟ್ ಬಂತು. ‘ನನಗೆ ಒಂದು ಮಾತು ಹೇಳಲೇ ಇಲ್ಲ ನೋಡಿ’ ಎಂದು ಮ್ಯಾನೇಜರ್ ಎಲ್ಲರ ಬಳಿಯೂ ಹೇಳಿಕೊಂಡು ತಿರುಗಿದರು. ಆ ಮಾತು ಅಕ್ಷರಶಃ ನಿಜವಾಗಿತ್ತು.

ಮೇಲಿನಿಂದ ಬರುವ ಫೋನು

ಬಾಗಿಲು ತೆರೆಯುವ ಮೊದಲೇ ಪ್ರಾದೇಶಿಕ ಕಚೇರಿಯ ವಿಡಿಯೊ ಸಭೆ. ನಿನ್ನೆ ಎಷ್ಟು ವಿಮೆ, ಎಷ್ಟು ಕ್ರೆಡಿಟ್ ಕಾರ್ಡ್, ಅಟಲ್ ಪೆನ್ಷನ್ ಎಷ್ಟು, ಆ್ಯಪ್ ಎಷ್ಟು ಜನರ ಮೊಬೈಲಿಗೆ ಇಳಿಯಿತು. ಉತ್ತರ ಕೊಡಲಾಗದವರಿಗೆ ಉಳಿದ ಮ್ಯಾನೇಜರುಗಳ ಮುಂದೆಯೇ ಮಂಗಳಾರತಿ. ಅದು ಮುಗಿದು ಕ್ಯಾಬಿನ್ನಿನಿಂದ ಹೊರಗೆ ಬರುವ ಮ್ಯಾನೇಜರ್ ಎರಡರಲ್ಲಿ ಒಂದು ಮಾಡುತ್ತಾನೆ. ಕೇಳಿಸಿಕೊಂಡದ್ದನ್ನು ಅದೇ ಬಿಸಿಯಲ್ಲಿ, ಇನ್ನಷ್ಟು ಒಗ್ಗರಣೆ ಹಾಕಿ ಕೌಂಟರಿನವರಿಗೆ ಬಡಿಸುತ್ತಾನೆ. ಅಥವಾ ಹೊರಗೆ ಬರುವ ಮೊದಲು ಐದು ನಿಮಿಷ ಒಬ್ಬನೇ ಕೂತು, ಇದರಲ್ಲಿ ಯಾವುದು ನಮ್ಮ ಊರಿನಲ್ಲಿ ಆಗುವ ಕೆಲಸ, ಯಾವುದು ಅಲ್ಲ ಎಂದು ವಿಂಗಡಿಸುತ್ತಾನೆ. ಮೊದಲನೆಯವನು ಅಂಚೆಯಣ್ಣ. ಬ್ಯಾಂಕು ಅವನಿಗೆ ಮ್ಯಾನೇಜರಿನ ಸಂಬಳ ಏಕೆ ಕೊಡಬೇಕೋ ನನಗೆ ತಿಳಿಯದು.

ನಾನು ಮಾಡುತ್ತಿದ್ದದ್ದು ಇಷ್ಟು. ತಿಂಗಳ ಮೊದಲಿಗೆ ಎಲ್ಲ ಗುರಿಗಳನ್ನೂ ಒಂದು ಹಾಳೆಗೆ ಇಳಿಸಿ, ಸಿಬ್ಬಂದಿಯ ಮುಂದೆಯೇ ಒಂದೆರಡನ್ನು ಅಡ್ಡಗೆರೆ ಎಳೆದು ಹೊಡೆಯುತ್ತಿದ್ದೆ. ತೆಂಗಿನ ತೋಟದವರ ಊರಿನಲ್ಲಿ ಕ್ರೆಡಿಟ್ ಕಾರ್ಡಿಗೆ ದಿನಕ್ಕೆ ಹತ್ತು ಜನರ ಕಾಲು ಹಿಡಿಯುವುದಕ್ಕಿಂತ ಹಳೆಯ ಬೆಳೆ ಸಾಲಗಳ ನವೀಕರಣ ಹಿಡಿದರೆ ಶಾಖೆಗೂ ಲಾಭ, ಊರಿಗೂ ಲಾಭ. ಮೇಲಿನವರಿಗೆ ‘ಇದು ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ಬೈಗುಳ ಗ್ಯಾರಂಟಿ. ‘ಇದು ಆಗುವುದಿಲ್ಲ, ಬದಲಿಗೆ ಇದರಲ್ಲಿ ಇಷ್ಟು ಕೊಡುತ್ತೇನೆ’ ಎಂದು ಅಂಕಿ ಸಮೇತ ಹೇಳಿದರೆ ಬೈಗುಳ ಸ್ವಲ್ಪ ಕಡಿಮೆ. ಬೈಗುಳವೇ ಇಲ್ಲದ ದಾರಿಯನ್ನು ನಾನು ಕಂಡುಹಿಡಿಯಲಿಲ್ಲ, ಕಂಡವರಿದ್ದರೆ ತಿಳಿಸಿ. ಆದರೆ ಆ ಅಡ್ಡಗೆರೆ ಎಳೆಯುವುದನ್ನು ಸಿಬ್ಬಂದಿ ಕಣ್ಣಾರೆ ನೋಡಿದ ಮೇಲೆ, ಉಳಿದ ಗುರಿಗಳ ಬಗ್ಗೆ ಅವರು ನನ್ನೊಡನೆ ಆಡುವ ಮಾತು ಬದಲಾಗುತ್ತಿತ್ತು. ‘ಮಾಡುತ್ತೇವೆ ಸರ್’ ಎಂಬ ಸುಳ್ಳು ಕಡಿಮೆಯಾಗಿ ‘ಇದು ಇಷ್ಟಕ್ಕೆ ನಿಲ್ಲುತ್ತದೆ ಸರ್’ ಎಂಬ ನಿಜ ಬರತೊಡಗುತ್ತಿತ್ತು. ಹಾಗೆಯೇ ಒಂದು ಚಿಕ್ಕ ಮಾತು: ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೊನ್ನೆ ಸಾಧನೆಯವರ ಹೆಸರಿನ ಪಟ್ಟಿ ಹಾಕಬೇಡಿ. ಬೆಳಿಗ್ಗೆ ಆ ಸೊನ್ನೆ ಒಂದಾಗಿರುತ್ತದೆ, ಆ ಒಂದು ಎಲ್ಲಿಂದ ಬಂತು ಎಂಬುದು ಆಮೇಲೆ ನಿಮ್ಮ ತಲೆನೋವಾಗುತ್ತದೆ.

ಆ ಒಂದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಜನ್‌ಧನ್ ಖಾತೆಗಳ ಕಥೆಯೇ ಇದೆಯಲ್ಲ. 2014ರ ಆಗಸ್ಟ್ 28ಕ್ಕೆ ಯೋಜನೆ ಶುರುವಾಯಿತು, ಖಾತೆಗಳು ರಾಶಿ ರಾಶಿ ತೆರೆದವು. ಆಮೇಲೆ ಹಣವೇ ಇಲ್ಲದ ಖಾತೆಗಳ ಸಂಖ್ಯೆ ಕಡಿಮೆ ಮಾಡಿ ಎಂಬ ಒತ್ತಡ. 2016ರಲ್ಲಿ ಪತ್ರಿಕೆಯವರು ಕೆದಕಿದಾಗ ತಿಳಿದದ್ದೇನೆಂದರೆ, ಅನೇಕ ಕಡೆ ಬ್ಯಾಂಕಿನವರೇ ಆ ಖಾತೆಗಳಿಗೆ ಒಂದೊಂದು ರೂಪಾಯಿ ಹಾಕಿದ್ದರು. ಸೊನ್ನೆ ಹೋಯಿತು, ಒಂದು ಬಂತು, ವರದಿ ಸುಂದರವಾಯಿತು. ಅದೇ 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿಗೆ ಹದಿನೆಂಟೂವರೆ ಕೋಟಿ ಡಾಲರ್ ದಂಡ ಬಿತ್ತು. ಗ್ರಾಹಕರಿಗೆ ತಿಳಿಯದೆಯೇ ಅವರ ಹೆಸರಿನಲ್ಲಿ ಸುಮಾರು 20 ಲಕ್ಷ ಖಾತೆ, ಕಾರ್ಡುಗಳನ್ನು ತೆರೆದಿದ್ದರು ಎಂಬ ಆರೋಪ. ಸುಮಾರು 5,300 ಸಿಬ್ಬಂದಿಯ ಕೆಲಸ ಹೋಗಿತ್ತು. ಒಂದು ರೂಪಾಯಿಯ ನಮ್ಮವರಿಗೂ ಅವರಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಮೊತ್ತದಲ್ಲಿ ಇಲ್ಲ. ‘ಸಾಧ್ಯವಿಲ್ಲ’ ಎಂದು ಹೇಳಲು ಕೆಳಗಿನವರಿಗೆ ಬಾಯಿಯಿರಲಿಲ್ಲ, ಕೇಳಿಸಿಕೊಳ್ಳಲು ಮೇಲಿನವರಿಗೆ ಕಿವಿಯಿರಲಿಲ್ಲ ಎನ್ನುವುದರಲ್ಲಿ ಇದೆ.

ಪದೇ ಪದೇ ಸಾಯುವ ಅಜ್ಜಿಯರು

ರಜೆಯ ವಿಷಯಕ್ಕೆ ಬಂದರೆ ನನ್ನದು ಸ್ವಲ್ಪ ಮೊಂಡು ಅಭಿಪ್ರಾಯ. ಒಂದು ದಿನದ ಸಿಎಲ್ ಕೇಳಿದವರನ್ನು ಕಾರಣ ಕೇಳಬೇಡಿ. ಕಾರಣ ಕೇಳುವ ಮ್ಯಾನೇಜರ್ ಇರುವ ಶಾಖೆಯಲ್ಲಿ ಅಜ್ಜಿಯರು ಪದೇ ಪದೇ ಸಾಯುತ್ತಾರೆ, ಮಾವಂದಿರಿಗೆ ಎದೆನೋವು ಬರುತ್ತದೆ. ಮಗನ ಶಾಲೆಯ ವಾರ್ಷಿಕೋತ್ಸವ ನೋಡಬೇಕು ಎಂಬ ನಿಜವನ್ನು ಹೇಳಲು ಸಂಕೋಚಪಟ್ಟು ಜನ ಸುಳ್ಳು ಹೇಳುವ ಅಭ್ಯಾಸ ಮಾಡಿಕೊಳ್ಳುವುದು ರಜೆ ಅರ್ಜಿಯಲ್ಲೇ. ಅಲ್ಲಿ ರೂಢಿಯಾದ ನಾಲಿಗೆ ಆಮೇಲೆ ಕ್ಯಾಶಿನ ವಿಷಯದಲ್ಲಿ ಬೇರೆಯಾಗಿ ಹೊರಳುವುದಿಲ್ಲ. ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ಹಾಕಿ, ಯಾರು ಯಾವಾಗ ಇರುವುದಿಲ್ಲ ಎಂದು ಅವರವರೇ ಬರೆಯಲಿ. ಜಾತ್ರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ, ನಾಟಿ ಇವೆಲ್ಲ ಪ್ರತಿ ವರ್ಷ ಬರುವಂಥವೇ. ಇಬ್ಬರಿಗೆ ಒಂದೇ ದಿನ ಬೇಕಾದರೆ ಅವರವರೇ ಮಾತನಾಡಿಕೊಳ್ಳುತ್ತಾರೆ, ನೀವು ನ್ಯಾಯಾಧೀಶರಾಗಬೇಕಿಲ್ಲ.

ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ‘ನಮ್ಮ ಗುಮಾಸ್ತರು ಎಷ್ಟು ನಿಷ್ಠರೆಂದರೆ ವರ್ಷಗಟ್ಟಲೆ ರಜೆಯನ್ನೇ ಹಾಕಿಲ್ಲ’ ಎಂದು ಹೊಗಳುವ ಮ್ಯಾನೇಜರುಗಳಿದ್ದಾರೆ. ರಿಸರ್ವ್ ಬ್ಯಾಂಕು ಆ ನಿಷ್ಠೆಯನ್ನು ನಂಬುವುದಿಲ್ಲ. 2021ರ ಜುಲೈನಲ್ಲಿ ಅದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಸೂಕ್ಷ್ಮ ಹುದ್ದೆಗಳಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕು; ಆ ಅವಧಿಯಲ್ಲಿ ಅವರು ಕೆಲಸದ ಕಂಪ್ಯೂಟರನ್ನು ಮುಟ್ಟುವಂತಿಲ್ಲ. ಅವರು ಇಲ್ಲದಾಗ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತರೆ, ಮುಚ್ಚಿಟ್ಟದ್ದು ಏನಾದರೂ ಇದ್ದರೆ ಹೊರಬೀಳಲಿ ಎಂಬುದು ಅದರ ಹಿಂದಿನ ಲೆಕ್ಕ. ವಂಚನೆ ತಡೆಯಲು ಮಾಡಿದ ಈ ನಿಯಮದಿಂದ ಒಂದು ಉಪಕಾರವೂ ಇದೆ. ನೀವಿಲ್ಲದಿದ್ದರೆ ಶಾಖೆ ನಡೆಯುವುದೇ ಇಲ್ಲ ಎಂದು ಯಾರನ್ನಾದರೂ ಉಬ್ಬಿಸಿ ಇಟ್ಟಿದ್ದರೆ, ಆ ಹತ್ತು ದಿನದಲ್ಲಿ ಇನ್ನೊಬ್ಬರು ಆ ಕೆಲಸ ಕಲಿಯುತ್ತಾರೆ. ಆಮೇಲೆ ಆ ಮನುಷ್ಯ ಜ್ವರ ಬಂದರೆ ಮನೆಯಲ್ಲೇ ಮಲಗಬಹುದು.

2016ರ ನವೆಂಬರ್

ನವೆಂಬರ್ 8ರ ರಾತ್ರಿ ನೋಟು ರದ್ದತಿಯ ಘೋಷಣೆ, 9ರಂದು ಬಾಗಿಲು ಮುಚ್ಚಿ ತಯಾರಿ, 10ರಿಂದ ಸಾಲು. ನಾನಾಗ ಒಂದು ಸಂತೆ ಊರಿನ ಶಾಖೆಯ ಮ್ಯಾನೇಜರ್. ಆ ದಿನಗಳ ಕಥೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಕೌಂಟರಿನ ಒಳಗಿನಿಂದ ಕಂಡದ್ದು ಒಂದನ್ನು ಮಾತ್ರ ಹೇಳುತ್ತೇನೆ. ಜನ ನಮ್ಮ ಹುಡುಗಿಯರ ಮೇಲೆ, ಹುಡುಗರ ಮೇಲೆ ಕೂಗಾಡುತ್ತಿದ್ದದ್ದಕ್ಕೆ ಮುಖ್ಯ ಕಾರಣ ಹಣವಿಲ್ಲದ್ದಲ್ಲ, ನಿಯಮ ದಿನಕ್ಕೊಂದು ಆಗುತ್ತಿದ್ದದ್ದು. ಹಳೆಯ ನೋಟು ಬದಲಿಸಿಕೊಡುವ ಮಿತಿ ಮೊದಲು 4,000, ಆಮೇಲೆ 4,500, ಆಮೇಲೆ 2,000, ನವೆಂಬರ್ 24 ಕಳೆದ ಮೇಲೆ ಅದೂ ಇಲ್ಲ. ನಡುವೆ ಬೆರಳಿಗೆ ಶಾಯಿ ಹಚ್ಚಿ ಎಂದರು; ಮೈಸೂರಿನ ಪೇಂಟ್ಸ್ ಕಾರ್ಖಾನೆಯ, ಮತದಾನಕ್ಕೆ ಬಳಸುವ ಅದೇ ಶಾಯಿ. ನಿನ್ನೆ ನಾಲ್ಕೂವರೆ ಸಾವಿರ ಪಡೆದವನ ಅಣ್ಣ ಇವತ್ತು ಬಂದರೆ ಎರಡೇ ಸಾವಿರ. ‘ನಿನ್ನೆ ಅವನಿಗೆ ಕೊಟ್ಟಿರಿ, ನನಗೆ ಯಾಕಿಲ್ಲ’ ಎಂಬ ಪ್ರಶ್ನೆಗೆ ಗಾಜಿನ ಹಿಂದೆ ಕೂತ ಗುಮಾಸ್ತೆ ಏನು ಹೇಳಬೇಕು? ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದೇ ಅವನು ತಿಳಿಯುತ್ತಾನೆ. ಕೆಲವೊಮ್ಮೆ ಹೊಸ ನಿಯಮ ಅವಳಿಗಿಂತ ಮೊದಲು ಅವನ ಮೊಬೈಲಿಗೆ ಬಂದಿರುತ್ತಿತ್ತು.

ಎರಡನೆಯ ವಾರಕ್ಕೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಆ ದಿನದ ನಿಯಮವನ್ನು ನಾನು ಕೈಯಲ್ಲೇ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಕೆಳಗೆ ನನ್ನ ಸಹಿ, ಮೊಹರು ಹಾಕಿ ಪ್ರತಿ ಕೌಂಟರಿನ ಗಾಜಿಗೆ ಒಂದು ಪ್ರತಿ ಅಂಟಿಸುತ್ತಿದ್ದೆ. ‘ಹೆಚ್ಚು ಬೇಕೆಂದು ಯಾರು ಜಗಳಕ್ಕೆ ಬಂದರೂ ಆ ಸಹಿಯನ್ನು ತೋರಿಸಿ, ಸಹಿ ಹಾಕಿದವನು ಬಾಗಿಲ ಹತ್ತಿರ ನಿಂತಿದ್ದಾನೆ ಎಂದು ಹೇಳಿ’ ಎಂದೆ. ನಾನು ನಿಜವಾಗಿಯೂ ಬಾಗಿಲ ಹತ್ತಿರವೇ ನಿಂತಿರುತ್ತಿದ್ದೆ. ಕ್ಯಾಬಿನ್ನಿನಲ್ಲಿ ಕೂತು ಮಾಡುವ ಕೆಲಸ ಆಗ ಏನೂ ಇರಲಿಲ್ಲ, ಎಲ್ಲ ಕೆಲಸವೂ ಸಾಲಿನಲ್ಲೇ ಇತ್ತು. ಬೈಗುಳದ ದಿಕ್ಕು ಬದಲಾಯಿತು. ಸಂಜೆಯ ಹೊತ್ತಿಗೆ ನನ್ನ ಗಂಟಲು ಹೋಗಿರುತ್ತಿತ್ತು, ಅವರ ಎಣಿಕೆ ಮಾತ್ರ ಸರಿಯಾಗಿರುತ್ತಿತ್ತು. ನೋಟು ಎಣಿಸುವವರ ತಲೆಯಲ್ಲಿ ಜಗಳದ ಮಾತು ಸುತ್ತುತ್ತಿದ್ದರೆ ಎಣಿಕೆ ತಪ್ಪದೆ ಇರುತ್ತದೆಯೇ? ಆ ವಾರಗಳಲ್ಲಿ ದೇಶದಾದ್ಯಂತ ಎಷ್ಟೋ ಕ್ಯಾಶಿಯರುಗಳು ಕೊರತೆಯನ್ನು ಕೈಯಿಂದ ತುಂಬಿದರು, ಖೋಟಾ ನೋಟುಗಳ ನಷ್ಟ ಹೊತ್ತರು. ನಮ್ಮಲ್ಲೂ ಕೊರತೆ ಬಂತು. ಬಂದ ದಿನವೇ ಪುಸ್ತಕದಲ್ಲಿ ಕಾಣಿಸಿದೆವು, ಮುಚ್ಚಿಡಲಿಲ್ಲ.

ಊಟದ ವಿಷಯವನ್ನೂ ಸೇರಿಸಬೇಕು. ಸಾಲು ಎಷ್ಟೇ ಉದ್ದವಿರಲಿ, ಸರದಿಯ ಮೇಲೆ ಒಬ್ಬೊಬ್ಬರೇ ಎದ್ದು ಹೋಗಿ ಕೂತು ಉಣ್ಣಲೇಬೇಕು, ಕೌಂಟರಿನಲ್ಲಿ ಬಿಸ್ಕತ್ತು ಕಡಿಯುವಂತಿಲ್ಲ ಎಂದು ಹಟ ಹಿಡಿದಿದ್ದೆ. ಸಾಲಿನಲ್ಲಿ ನಿಂತವರು ಗೊಣಗಿದರು. ಆ ಗೊಣಗಾಟವೂ ಬಾಗಿಲ ಹತ್ತಿರ ನಿಂತವನ ಪಾಲಿನದೇ.

ಕೇಳುವುದು ಹೇಗೆ

‘ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ’ ಎಂದು ಹೇಳುವ ಮ್ಯಾನೇಜರ್ ಹತ್ತಿರ ಯಾರೂ ಹೋಗುವುದಿಲ್ಲ. ಕ್ಯಾಬಿನ್ ಗಾಜಿನದು, ಒಳಗೆ ಹೋದವರನ್ನು ಹಾಲಿನಲ್ಲಿ ಇರುವ ಎಲ್ಲರೂ ನೋಡುತ್ತಾರೆ. ಬ್ಯಾಂಕಿನ ಪುಣ್ಯಕ್ಕೆ ನಿಯಮವೇ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಸ್ಟ್ರಾಂಗ್ ರೂಮ್ ತೆರೆಯಲು ಇಬ್ಬರು ಬೇಕು, ಎಟಿಎಂಗೆ ಹಣ ತುಂಬಲು ಇಬ್ಬರು ಬೇಕು. ಬೇರೆ ಯಾರೂ ಇಲ್ಲದ, ಯಾರಿಗೂ ಅನುಮಾನ ಬರದ ಆ ಹತ್ತು ನಿಮಿಷ ಇಂಥ ಮಾತಿಗೆ ಚಿನ್ನದಂಥ ಸಮಯ. ಅಲ್ಲಿ ‘ಎಲ್ಲ ಸರಿಯಿದೆಯಾ’ ಎಂದು ಕೇಳಿದರೆ ‘ಸರಿಯಿದೆ ಸರ್’ ಎಂದೇ ಉತ್ತರ. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ: ‘ನಾಳೆ ಬೆಳಿಗ್ಗೆ ಆಡಿಟ್ ಬಂದರೆ ಯಾವ ಫೈಲನ್ನು ಕೊಡಲು ನಿಮಗೆ ಮನಸ್ಸಾಗುವುದಿಲ್ಲ?’ ಈ ಪ್ರಶ್ನೆಗೆ ಜನ ಮೊದಲು ನಗುತ್ತಾರೆ, ಆಮೇಲೆ ಯೋಚಿಸುತ್ತಾರೆ, ಮೂರನೆಯ ದಿನ ಬಂದು ಒಂದು ಫೈಲಿನ ಹೆಸರು ಹೇಳುತ್ತಾರೆ. ಹೇಳಿದ ದಿನ ನಿಮ್ಮ ಮುಖದಲ್ಲಿ ಏನು ಕಾಣಿಸುತ್ತದೆ ಎಂಬುದರ ಮೇಲೆ ಎರಡನೆಯ ಫೈಲು ಬರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ.

ಈಗಿನ ಶಾಖೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಹೊಸ ಅಧಿಕಾರಿ ಬಿಹಾರದವನೋ ಕೇರಳದವಳೋ ಆಗಿರುತ್ತಾರೆ. ಗುಮಾಸ್ತರ ನೇಮಕಾತಿಗೆ ರಾಜ್ಯದ ಭಾಷೆ ಕಡ್ಡಾಯ, ಅಧಿಕಾರಿಗಳಲ್ಲಿ ಹೆಚ್ಚಿನವರಿಗೆ ಹಾಗಿಲ್ಲ. ಗ್ರಾಹಕರ ಸಿಟ್ಟು ನ್ಯಾಯವಾದದ್ದು. ತಮ್ಮ ಊರಿನ ಬ್ಯಾಂಕಿನಲ್ಲಿ ತಮ್ಮ ಭಾಷೆಯಲ್ಲಿ ಉತ್ತರ ಸಿಗಬೇಕು. ಆದರೆ ಆ ಹುಡುಗನನ್ನು ಮೊದಲ ದಿನವೇ ಸಂತೆಯ ಜನರ ಎದುರು ಕೂರಿಸಿ, ಗಲಾಟೆಯಾದಾಗ ಕ್ಯಾಬಿನ್ನಿನಿಂದ ಇಣುಕಿ ನೋಡುವ ಮ್ಯಾನೇಜರನ್ನು ನಾನು ಕ್ಷಮಿಸುವುದಿಲ್ಲ. ಅವನನ್ನು ಪಿಗ್ಮಿ ಏಜೆಂಟರೊಡನೆ ಸಂಜೆ ಹೊತ್ತು ಪೇಟೆ ಸುತ್ತಲು ಕಳುಹಿಸಿ. ಅಂಗಡಿ ಅಂಗಡಿ ಹತ್ತಿ ಇಳಿದರೆ ಒಂದು ತಿಂಗಳಲ್ಲಿ ‘ಎಷ್ಟು ಕಟ್ಟುತ್ತೀರಿ, ಪಾಸ್‌ಬುಕ್ ಕೊಡಿ, ನಾಳೆ ಬನ್ನಿ’ ಎನ್ನುವಷ್ಟು ಬರುತ್ತದೆ, ಊರಿನ ಜನಕ್ಕೂ ಅವನ ಮುಖ ಪರಿಚಯವಾಗುತ್ತದೆ. ತಪ್ಪು ಕನ್ನಡಕ್ಕೆ ನಮ್ಮವರು ನಗುತ್ತಾರೆ, ಬೈಯುವುದಿಲ್ಲ. ಬೈಯುವುದು ಕಲಿಯಲು ಮನಸ್ಸಿಲ್ಲದವರನ್ನು.

ವಿಲೀನದ ನಂತರದ ಶಾಖೆಗಳ ಬಗ್ಗೆ ಬರೆದರೆ ಅದೇ ಒಂದು ಪ್ರತ್ಯೇಕ ಲೇಖನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಹೋಯಿತು, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ಒಂದೇ ರಸ್ತೆಯ ಆಚೀಚೆ ಇದ್ದ ಎರಡು ಶಾಖೆಗಳು ಒಂದಾದಾಗ, ಬಂದವರು ನೆಂಟರ ಹಾಗೆ ಗೋಡೆ ಬದಿಗೆ ಕೂರುತ್ತಾರೆ. ಇಪ್ಪತ್ತೈದು ವರ್ಷ ಎಲ್ಲರಿಗೂ ಪಾಠ ಹೇಳಿಕೊಟ್ಟ ಹಿರಿಯರಿಗೆ ಹೊಸ ತಂತ್ರಾಂಶದಲ್ಲಿ ಒಂದು ಡಿಡಿ ಮಾಡಲು ಬರುವುದಿಲ್ಲ, ಕೇಳಲು ನಾಚಿಕೆ. ಅವರನ್ನು ಚಿಕ್ಕವರ ಪಕ್ಕ ಕೂರಿಸಬೇಕು. ಅವರಿಂದ ಚಿಕ್ಕವರು ಹಳ್ಳಿಯ ಸಾಲಗಾರರ ಜಾತಕ ಕಲಿಯಲಿ, ಚಿಕ್ಕವರಿಂದ ಅವರು ಕೀಲಿಮಣೆ ಕಲಿಯಲಿ. ಇಷ್ಟೇ ಹೇಳಿ ಬಿಡುತ್ತೇನೆ.

ಬಿಗಿ ಹಿಡಿಯಬೇಕಾದ ಕಡೆ

ಇದನ್ನೆಲ್ಲ ಓದಿ, ಸಿಬ್ಬಂದಿಯನ್ನು ಬೆಂಬಲಿಸುವುದೆಂದರೆ ಎಲ್ಲಕ್ಕೂ ತಲೆಯಾಡಿಸುವುದು ಎಂದು ಆ ಹುಡುಗಿ ತಿಳಿದುಕೊಂಡರೆ ಕಷ್ಟ. ಒಂದು ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಟ್ಟವನಲ್ಲ: ಪಾಸ್‌ವರ್ಡ್. ಗದ್ದಲದ ದಿನ ಅಧಿಕಾರಿ ಊಟಕ್ಕೆ ಹೋಗುವಾಗ ‘ನನ್ನದರಲ್ಲೇ ಪಾಸ್ ಮಾಡಿಬಿಡು’ ಎಂದು ಗುಮಾಸ್ತನಿಗೆ ಪಾಸ್‌ವರ್ಡ್ ಹೇಳಿ ಹೋಗುವುದು ಎಷ್ಟೋ ಶಾಖೆಗಳಲ್ಲಿ ಸ್ನೇಹದ ಲಕ್ಷಣ. ಅದನ್ನು ಕಂಡೂ ಕಾಣದಂತೆ ಇರುವ ಮ್ಯಾನೇಜರ್ ಬಹಳ ಜನಪ್ರಿಯನಾಗಿರುತ್ತಾನೆ. ಮುಂದೊಂದು ದಿನ ವಂಚನೆ ಬಯಲಾದರೆ ಮೊದಲು ಅಮಾನತಾಗುವುದು ಊಟಕ್ಕೆ ಹೋದ ಆ ಅಧಿಕಾರಿಯೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು ಎಂಬ ನಿಯಮ ಇರುವುದು ಇಬ್ಬರನ್ನೂ ಉಳಿಸಲಿಕ್ಕೆ. ಗ್ರಾಹಕರು ಹತ್ತು ನಿಮಿಷ ಕಾಯಲಿ. ಅದಕ್ಕೆ ಬೈದರೆ ಬೈಯಲಿ, ಮತ್ತೆ ನೀವು ಬಾಗಿಲ ಹತ್ತಿರ ನಿಂತಿರುತ್ತೀರಲ್ಲ.

ವಾರ್ಷಿಕ ಮೌಲ್ಯಮಾಪನದ ಹಾಳೆಯಲ್ಲೂ ಅಷ್ಟೇ. ಜುಲೈನಲ್ಲಿ ಮುಖಕ್ಕೆ ಹೇಳದ ದೂರನ್ನು ಮಾರ್ಚ್‌ನಲ್ಲಿ ಹಾಳೆಗೆ ಬರೆಯುವುದು ಹೇಡಿತನ. ಹೇಳುವಾಗಲೂ ಮನುಷ್ಯನನ್ನು ಬಿಟ್ಟು ಕೆಲಸವನ್ನು ಹೆಸರಿಸಿ. ‘ನೀವು ಬೇಜವಾಬ್ದಾರಿ’ ಎಂಬುದಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ. ‘ಈ ಮೂರು ಸಾಲಗಳ ವಿಮೆ ನವೀಕರಣವಾಗಿಲ್ಲ, ಶುಕ್ರವಾರದೊಳಗೆ ಆಗಬೇಕು’ ಎಂದರೆ ಮಾಡಬಹುದು, ಆಗಿದೆಯೋ ಇಲ್ಲವೋ ಶುಕ್ರವಾರ ಇಬ್ಬರಿಗೂ ಗೊತ್ತಾಗುತ್ತದೆ.

ಚಾರ್ಜ್ ಕೊಡುವಾಗ

ಶಾಖೆ ಬಿಟ್ಟು ಹೋಗುವಾಗ ಹಸ್ತಾಂತರದ ಪಟ್ಟಿಯೊಂದಕ್ಕೆ ಸಹಿ ಹಾಕಬೇಕು. ಬೀಗದ ಕೈ, ಮೊಹರು, ಚಿನ್ನದ ಪೊಟ್ಟಣಗಳ ಸಂಖ್ಯೆ, ಚೆಕ್ ಪುಸ್ತಕಗಳ ದಾಸ್ತಾನು ಎಲ್ಲ ಅದರಲ್ಲಿ ಇರುತ್ತದೆ. ಜನರ ಬಗ್ಗೆ ಕಾಲಂ ಇಲ್ಲ. ಇರಬಾರದು ಕೂಡ, ಕಾಗದಕ್ಕೆ ಇಳಿದದ್ದು ಫೈಲಿಗೆ ಹೋಗುತ್ತದೆ, ಫೈಲಿಗೆ ಹೋದದ್ದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಾನು ಹೊಸಬರನ್ನು ಕರೆದುಕೊಂಡು ಪಕ್ಕದ ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತ ಬಾಯಲ್ಲೇ ಹೇಳುತ್ತಿದ್ದೆ. ಯಾರಿಗೆ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾರೆ, ಆದ್ದರಿಂದ ಸಂಜೆ ತಡಮಾಡಿಸಬೇಡಿ. ಯಾರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಆದರೆ ಜನರ ಮುಂದೆ ಕೂರಿಸಿದರೆ ಕಂಗಾಲಾಗುತ್ತಾರೆ. ಯಾರು ತಪ್ಪಾದ ಕೂಡಲೇ ಬಂದು ಹೇಳುತ್ತಾರೆ, ಯಾರನ್ನು ಎರಡು ಸಲ ಕೇಳಬೇಕು. ಯಾರು ಸೋಮಾರಿ, ಯಾರು ಚಾಡಿಕೋರ ಎಂಬುದನ್ನು ಹೇಳುತ್ತಿರಲಿಲ್ಲ. ಅದನ್ನು ಅವರೇ ಕಂಡುಕೊಳ್ಳಲಿ, ನನ್ನ ಕಣ್ಣು ತಪ್ಪಿರಲೂಬಹುದು.

ನನ್ನ ನಂತರ ಬಂದವರೊಬ್ಬರು ಅದನ್ನೆಲ್ಲ ತಾಳ್ಮೆಯಿಂದ ಕೇಳಿ, ಮೊದಲ ವಾರವೇ ಎಲ್ಲರ ಸೀಟುಗಳನ್ನೂ ಬದಲಿಸಿದರು. ಜನರ ಮುಂದೆ ಕಂಗಾಲಾಗುತ್ತಾನೆ ಎಂದು ನಾನು ಹೇಳಿದ್ದವನನ್ನೇ ವಿಚಾರಣೆಯ ಕೌಂಟರಿಗೆ ಹಾಕಿದರು. ನನಗೆ ಸಿಟ್ಟು ಬಂದಿತ್ತು. ಆರು ತಿಂಗಳ ಮೇಲೆ ಆ ಕಡೆ ಹೋದಾಗ ನೋಡಿದರೆ ಅವನು ನಾಲ್ಕು ಜನರೊಡನೆ ಒಟ್ಟಿಗೆ ಮಾತನಾಡುತ್ತ, ಒಬ್ಬರ ಪಾಸ್‌ಬುಕ್ ಒತ್ತಿಕೊಡುತ್ತ, ನನ್ನತ್ತ ಕೈಯೆತ್ತಿ ‘ಸರ್, ಸ್ವಲ್ಪ ಹೊತ್ತು ಕೂತಿರಿ, ರಶ್ ಇದೆ’ ಎಂದ.